ಮಾವನ ಕರಿ ರಟ್ಟು

ನಮ್ಮ ಸೋದರಮಾವನ ಸ್ಟುಡಿಯೊದ ಡಾರ್ಕ್‌ರೂಮಿನಲ್ಲಿ, ಬಾಗಿಲ ಹಿಂದಿನ ಮೊಳೆಗೆ, ಏಳೆಂಟು ಕರಿ ರಟ್ಟುಗಳು ನೇತಾಡುತ್ತಿದ್ದವು. ಒಂದರ ನಡುವೆ ಮೊಟ್ಟೆಯಾಕಾರದ ತೂತು, ಇನ್ನೊಂದರಲ್ಲಿ ಕೀಲಿಕೈ ಹಾಕುವ ಕಿಂಡಿಯಂಥದ್ದು, ಮತ್ತೊಂದರಲ್ಲಿ ವೀಳ್ಯದೆಲೆಯ ಆಕಾರ. ಹೊಸದಾಗಿ ಮದುವೆಯಾದ ಜೋಡಿಯಷ್ಟೇ ಬಂದರೆ ಈ ಮೂರನೆಯದಕ್ಕೆ ‘ಹಾರ್ಟ್’ ಅನ್ನುತ್ತಿದ್ದ. ಜೊತೆಗೆ ಅತ್ತೆಯೂ ಬಂದಿದ್ದರೆ ‘ಎಲಿ’ ಅನ್ನುತ್ತಿದ್ದ. ಯಾವ ಹೆಸರಿಗಾದರೂ ಎರಡು ರೂಪಾಯಿ ಹೆಚ್ಚಿಗೆ.

ಅದು 1983ರ ಗದಗ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ನನ್ನ ಕೈಬಿಟ್ಟಿತ್ತು, ಅಪ್ಪ ನನ್ನನ್ನು ಮಾವನ ಕೈಗೆ ಒಪ್ಪಿಸಿದ್ದರು. ಮಾವ ಕೊಟ್ಟ ಮೊದಲ ಕೆಲಸ ಬ್ಲೇಡು ಹಿಡಿದು ರಟ್ಟು ಕೊರೆಯುವುದು. ಎರಡನೆಯದು ಒಣಗಿದ ಪ್ರಿಂಟುಗಳ ಹಿಂದೆ ಪೆನ್ಸಿಲಿನಿಂದ ನೆಗೆಟಿವ್ ನಂಬರ್ ಬರೆಯುವುದು. ರಟ್ಟು ಯಾತಕ್ಕೆ ಅಂತ ಗೊತ್ತಾದದ್ದು ವಾರದ ಮೇಲೆ, ಕೆಂಪು ದೀಪದ ಕೆಳಗೆ ನಿಂತಾಗ.

ಎನ್‌ಲಾರ್ಜರಿನ ಬೆಳಕು ನೆಗೆಟಿವ್ ಹಾದು ಕೆಳಗಿನ ಬ್ರೊಮೈಡ್ ಕಾಗದದ ಮೇಲೆ ಬೀಳುತ್ತದೆ. ಬೆಳಕು ತಾಗಿದ ಕಡೆ ಕಾಗದ ಡೆವಲಪರಿನಲ್ಲಿ ಕಪ್ಪಾಗುತ್ತದೆ, ತಾಗದ ಕಡೆ ಬೆಳ್ಳಗೇ ಉಳಿಯುತ್ತದೆ. ನಡುವೆ ರಟ್ಟು ಹಿಡಿದರೆ ತೂತಿನಷ್ಟೇ ಚಿತ್ರ, ಸುತ್ತ ಹಾಲಿನಂಥ ಬಿಳುಪು. ರಟ್ಟು ಕಾಗದಕ್ಕೆ ತಾಗಿಯೇ ಇದ್ದರೆ ಅಂಚು ಕೊಯ್ದ ಹಾಗೆ ಬರುತ್ತದೆ. ನಾಲ್ಕು ಬೆರಳು ಎತ್ತಿ ಹಿಡಿದರೆ ಅಂಚು ಮಂಜಾಗುತ್ತದೆ. ಎತ್ತಿ ಹಿಡಿದು, ಹಿಟ್ಟು ಸಾಣಿಸುವ ಹಾಗೆ ಸಣ್ಣಗೆ ಅಲುಗಾಡಿಸಿದರೆ, ಚಿತ್ರ ಎಲ್ಲಿ ಮುಗಿಯಿತು, ಬಿಳಿ ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲಾಗದು. “ಲೇ, ರಟ್ಟು ಒಂದ ಕಡೆ ನಿಲ್ಲಬಾರ್ದೋ. ನಿಂತ್ರ ಗೆರಿ ಬೀಳ್ತೈತಿ,” ಅಂತ ಮಾವ ಕತ್ತಲಲ್ಲೇ ನನ್ನ ಮಣಿಕಟ್ಟು ಹಿಡಿದು ಅಲುಗಿಸುತ್ತಿದ್ದ.

ಈ ರಟ್ಟಿಗೆ ಇಂಗ್ಲಿಷಿನಲ್ಲಿ ‘ಮಾಸ್ಕ್’ ಅನ್ನುತ್ತಾರೆಂದು ನನಗೆ ತಿಳಿದದ್ದು ಹದಿನಾರು ವರ್ಷ ಕಳೆದ ಮೇಲೆ, ಕಂಪ್ಯೂಟರಿನಲ್ಲಿ. ಮುಖವಾಡ ಅಂತ ಅದನ್ನು ಕನ್ನಡಿಸಿದವರಿದ್ದಾರೆ. ಈ ಕೆಲಸದ ಮಟ್ಟಿಗೆ ಅದು ಮುಖವಾಡವಲ್ಲ, ಮರೆ. ಮರೆ ಹಿಡಿಯುವುದು, ಮರೆ ಸರಿಸುವುದು. ಫೋಟೊ ಸುತ್ತ ಚೆಂದದ ಅಂಚು ಮಾಡುವ ವಿದ್ಯೆಯೆಲ್ಲ ಇಷ್ಟರಲ್ಲೇ ಇದೆ ಅಂತ ನನ್ನ ನಂಬಿಕೆ. ಉಳಿದದ್ದು ಮೆನು.

1999ರಲ್ಲಿ ಸಾಲ ಮಾಡಿ ಕಂಪ್ಯೂಟರ್ ತಂದೆ. ಅದರ ಜೊತೆ ಯಾರೋ ಕೊಟ್ಟ ಸಿ.ಡಿ.ಯಲ್ಲಿ ಫೋಟೊಶಾಪ್ 5.5 ಬಂತು; ದುಡ್ಡು ಕೊಟ್ಟು ತಂದದ್ದಲ್ಲ, ಸುಳ್ಳು ಹೇಳಲಾರೆ. ಮಾವ ಹಿಂದೆ ನಿಂತು ನೋಡುತ್ತಿದ್ದ. ಎಡಗಡೆಯ ಟೂಲುಗಳ ಸಾಲಿನಲ್ಲಿ ಕಡ್ಡಿಗೆ ಸಿಕ್ಕಿಸಿದ ಬಿಲ್ಲೆಯ ಚಿತ್ರವೊಂದಿತ್ತು, ಅದರ ಪಕ್ಕ ಮುಷ್ಟಿ ಮಾಡಿದ ಕೈ. ಮಾವ ಕುರ್ಚಿ ಎಳೆದು ಹತ್ತಿರ ಬಂದ. “ಇದು ನಮ್ಮ ತಂತಿ ಬಿಲ್ಲಿ ಅಲ್ಲೇನಲೇ?” ಹೌದು, ಅದೇ. ಮುಖ ಕಪ್ಪಾಗದ ಹಾಗೆ ಬೆಳಕಿಗೆ ಅಡ್ಡ ಹಿಡಿಯಲು ತಂತಿಗೆ ರಟ್ಟಿನ ಬಿಲ್ಲೆ ಅಂಟಿಸಿ ನಾವು ಮಾಡಿಕೊಂಡಿದ್ದ ಸಾಮಾನು ಡಾಡ್ಜ್ ಟೂಲ್ ಆಗಿ ಅಲ್ಲಿ ಕೂತಿತ್ತು. ಮುಷ್ಟಿಯ ಸಂದಿನಿಂದ ಬೆಳಕು ಬಿಟ್ಟು ಆಕಾಶ ಕಪ್ಪಾಗಿಸುವುದು ಬರ್ನ್ ಟೂಲ್.

ಇದು ಕಾಕತಾಳೀಯವಲ್ಲ. ಫೋಟೊಶಾಪ್ ಬರೆದವರು ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಅಣ್ಣತಮ್ಮಂದಿರು. ಅವರ ತಂದೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್, ಫೋಟೊ ಹುಚ್ಚಿನವರು. ಮನೆಯ ನೆಲಮಾಳಿಗೆಯಲ್ಲಿ ಡಾರ್ಕ್‌ರೂಮ್ ಇಟ್ಟುಕೊಂಡಿದ್ದರು. ಹುಡುಗರು ಅಲ್ಲೇ ಪ್ರಿಂಟ್ ತೆಗೆಯುತ್ತ ಬೆಳೆದರು. 1987ರಲ್ಲಿ ಥಾಮಸ್ ಬರೆಯತೊಡಗಿದ ಪ್ರೋಗ್ರಾಮು 1990ರ ಫೆಬ್ರವರಿಯಲ್ಲಿ ಫೋಟೊಶಾಪ್ 1.0 ಆಗಿ ಹೊರಬಂತು. ಒಂದರ ಮೇಲೊಂದು ಗಾಜು ಇಟ್ಟ ಹಾಗೆ ಕೆಲಸ ಮಾಡುವ ‘ಲೇಯರ್’ ಸೌಕರ್ಯ ಬಂದದ್ದು 1994ರ ಮೂರನೇ ಆವೃತ್ತಿಯಲ್ಲಿ. ಅದರ ಮರುವರ್ಷ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್, ಜಿಂಪ್ ಶುರುಮಾಡಿದರು. ಅದಕ್ಕೆ ದುಡ್ಡಿಲ್ಲ, ಕಳ್ಳ ಸಿ.ಡಿ.ಯ ಅಂಜಿಕೆಯಿಲ್ಲ. ನಾನೀಗ ಹೆಚ್ಚು ಬಳಸುವುದು ಅದನ್ನೇ. ಮುಂದೆ ಹೇಳುವುದೂ ಅದನ್ನೇ ಇಟ್ಟುಕೊಂಡು.

ಆದರೆ ಮೊದಲು ನನ್ನ ತಪ್ಪು ಹೇಳಿಬಿಡಬೇಕು.

2004. ಡಿಜಿಟಲ್ ಕ್ಯಾಮೆರಾ ಹೊಸದು. ಒಂದು ಮನೆಯ ಗುಂಪು ಫೋಟೊಕ್ಕೆ ಮೊಟ್ಟೆಯಾಕಾರದ ಮಂಜು ಅಂಚು ಬೇಕು ಅಂದರು. ಮಾಸ್ಕ್ ಅಂದರೆ ಏನೆಂದು ಗೊತ್ತಿದ್ದರೂ ಸೋಮಾರಿತನ. ಇರೇಸರ್ ತೆಗೆದುಕೊಂಡು, ಮೆತ್ತನೆ ಕುಂಚ ಇಟ್ಟು, ಸುತ್ತಲೂ ಅಳಿಸಿದೆ. ಚೆನ್ನಾಗಿಯೇ ಬಂತು. ಅದೇ ಹೆಸರಿನಲ್ಲಿ ಸೇವ್ ಮಾಡಿದೆ. ಕ್ಯಾಮೆರಾದ ಕಾರ್ಡು ಮರುದಿನದ ಮದುವೆಗೆ ಬೇಕಿತ್ತು, ಅದನ್ನೂ ಫಾರ್ಮ್ಯಾಟ್ ಮಾಡಿದೆ. ಎರಡು ವರ್ಷದ ಮೇಲೆ ಆ ಮನೆಯ ಹುಡುಗ ಬಂದ. ಅವರ ಅಜ್ಜಿ ತೀರಿಕೊಂಡಿದ್ದರು. ಅಜ್ಜಿಯ ಫೋಟೊ ಬೇರೆ ಇಲ್ಲ, ಆ ಗುಂಪಿನಲ್ಲಿ ಎಡತುದಿಗೆ ಕೂತಿದ್ದರಂತೆ. ಎಡತುದಿಯಲ್ಲಿ ಬಿಳಿ ಇತ್ತು. ಮಂಜಿನೊಳಗೆ ಒಂದು ಮೊಣಕಾಲು, ಸೀರೆಯ ಒಂದಿಷ್ಟು ನಿರಿಗೆ.

ಮಾವನ ರಟ್ಟು ಏನನ್ನೂ ಅಳಿಸುತ್ತಿರಲಿಲ್ಲ. ನೆಗೆಟಿವ್ ಡಬ್ಬಿಯಲ್ಲಿ ಇಡಿಯಾಗಿ ಇರುತ್ತಿತ್ತು. ರಟ್ಟು ಸರಿಸಿದರೆ ಅಜ್ಜಿ ಬರುತ್ತಿದ್ದರು. ಅದಾದ ಮೇಲೆ ಅಂಚಿನ ಕೆಲಸಕ್ಕೆ ಇರೇಸರ್ ಮುಟ್ಟಿಲ್ಲ.

ಈಗ ಕೆಲಸ. ಜಿಂಪಿನಲ್ಲಿ ಫೋಟೊ ತೆರೆಯಿರಿ. ಅದರ ಕೆಳಗೆ ಹೊಸ ಲೇಯರ್ ಒಂದನ್ನು ಹಾಕಿ ಬಿಳಿ ತುಂಬಿ. ಇದು ನಿಮ್ಮ ಬ್ರೊಮೈಡ್ ಕಾಗದ. ಫೋಟೊ ಇರುವ ಲೇಯರಿನ ಮೇಲೆ ಬಲಗುಂಡಿ ಒತ್ತಿದರೆ ‘ಆ್ಯಡ್ ಲೇಯರ್ ಮಾಸ್ಕ್’ ಸಿಗುತ್ತದೆ. ಬಿಳಿ ಮಾಸ್ಕ್ ಆರಿಸಿ. ಚಿತ್ರದಲ್ಲಿ ಏನೂ ಬದಲಾಗುವುದಿಲ್ಲ, ಪಟ್ಟಿಯಲ್ಲಿ ಫೋಟೊದ ಪಕ್ಕ ಒಂದು ಬಿಳಿ ಚೌಕ ಹುಟ್ಟುತ್ತದೆ ಅಷ್ಟೆ. ಈ ಚೌಕದಲ್ಲಿ ಎಲ್ಲಿ ಬಿಳಿಯಿದೆಯೋ ಅಲ್ಲಿ ಫೋಟೊ ಕಾಣುತ್ತದೆ, ಎಲ್ಲಿ ಕಪ್ಪು ಬಳಿಯುತ್ತೀರೋ ಅಲ್ಲಿ ಮರೆಯಾಗುತ್ತದೆ, ಬೂದಿಬಣ್ಣ ಹಚ್ಚಿದರೆ ಅರ್ಧಂಬರ್ಧ. ಕರಿ ರಟ್ಟು ಮುಚ್ಚಿದ ಕಡೆ ಬಿಳಿ ಉಳಿಯುತ್ತಿತ್ತಲ್ಲ, ಹಾಗೇ. ಕಲಿಸಲು ಕೂತಾಗ ಹುಡುಗರು ಕಪ್ಪು ಯಾವುದಕ್ಕೆ ಬಿಳಿ ಯಾವುದಕ್ಕೆ ಅಂತ ಗೊಂದಲ ಮಾಡಿಕೊಳ್ಳುತ್ತಾರೆ. ನಾನು ರಟ್ಟು ತೋರಿಸುತ್ತೇನೆ, ಆಮೇಲೆ ಕೇಳುವುದಿಲ್ಲ.

ಪಟ್ಟಿಯಲ್ಲಿ ಆ ಚೌಕದ ಮೇಲೆ ಒಮ್ಮೆ ಒತ್ತಿ, ಮಾಸ್ಕ್ ಆಯ್ಕೆಯಾಗಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಹತ್ತರಲ್ಲಿ ಎಂಟು ಸಲ ಕೆಡುವುದು ಇಲ್ಲಿಯೇ; ಮಾಸ್ಕಿಗೆ ಬಳಿಯುತ್ತಿದ್ದೇವೆ ಅಂದುಕೊಂಡು ಫೋಟೊದ ಮೇಲೆಯೇ ಕಪ್ಪು ಬಳಿದಿರುತ್ತೇವೆ. ಆಮೇಲೆ ಸೆಲೆಕ್ಷನ್ ಟೂಲಿನಿಂದ ಅಂಚಿನ ಒಳಗೆ ಆಯತವನ್ನೋ ಮೊಟ್ಟೆಯನ್ನೋ ಎಳೆಯಿರಿ. ‘ಸೆಲೆಕ್ಟ್’ ಮೆನುವಿನ ‘ಇನ್ವರ್ಟ್’ ಕೊಟ್ಟರೆ ಒಳಗಿನದು ಬಿಟ್ಟು ಹೊರಗಿನ ಪಟ್ಟಿ ಆಯ್ಕೆಯಾಗುತ್ತದೆ. ಅದಕ್ಕೆ ಕಪ್ಪು ತುಂಬಿ. ಕೊಯ್ದಂಥ ಅಂಚು ಬಂತು. ಇನ್ನು ರಟ್ಟು ಮೇಲೆತ್ತಬೇಕು. ಮೊದಲು ಸೆಲೆಕ್ಷನ್ ಬಿಡಿಸಿ, ಇಲ್ಲದಿದ್ದರೆ ಮುಂದಿನ ಮಂಜು ಆ ಗೆರೆ ದಾಟುವುದಿಲ್ಲ. ಬಿಡಿಸಿದ ಮೇಲೆ ‘ಗಾಸಿಯನ್ ಬ್ಲರ್’. ಅಲ್ಲಿ ಹಾಕುವ ಅಂಕಿಯೇ ನಮ್ಮ ನಾಲ್ಕು ಬೆರಳು. ಅಂಕಿ ಏರಿದಷ್ಟೂ ರಟ್ಟು ಮೇಲೆ.

ಎಷ್ಟು ಏರಿಸಬೇಕು? ಇಲ್ಲಿ ಸ್ವಲ್ಪ ಲೆಕ್ಕ, ಗಣಿತ ಕೈಬಿಟ್ಟವನ ಲೆಕ್ಕ. ಲ್ಯಾಬಿನವರು ಕೇಳುವುದು ಇಂಚಿಗೆ 300 ಪಿಕ್ಸೆಲ್. 4×6 ಇಂಚಿನ ಪ್ರಿಂಟು ಅಂದರೆ 1200×1800 ಪಿಕ್ಸೆಲ್. ಮಂಜು ಗೆರೆಯ ಎರಡೂ ಕಡೆಗೆ ಹರಡುತ್ತದೆ, ಅದಕ್ಕೇ ಆಯತವನ್ನು ಬ್ಲರ್ ಅಂಕಿಯ ಎರಡು-ಮೂರು ಪಟ್ಟು ಒಳಗೆ ಎಳೆಯಬೇಕು. ಬ್ಲರ್ 40 ಆದರೆ ಅಂಚಿನಿಂದ 120 ಪಿಕ್ಸೆಲ್ ಒಳಗೆ, ಅಂದರೆ ಕಾಗದದ ಮೇಲೆ ಒಂದು ಸೆಂಟಿಮೀಟರ್. ಇಷ್ಟು ಬಿಡದಿದ್ದರೆ ಅಂಚು ತಲುಪುವಷ್ಟರಲ್ಲಿ ಚಿತ್ರ ಪೂರ್ತಿ ಬಿಳಿಯಾಗಿರುವುದಿಲ್ಲ, ಮಸಿ ಒರೆಸಿದ ಬಟ್ಟೆಯ ಹಾಗೆ ಕೊಳೆ ಗೆರೆ ಉಳಿಯುತ್ತದೆ. ವಾಟ್ಸ್ಯಾಪಿನಲ್ಲಿ ಬಂದ ಸಣ್ಣ ಫೋಟೊಕ್ಕೆ ಅದೇ 40 ಹಾಕಿದರೆ ಅರ್ಧ ಮುಖವೇ ಮಂಜು. ಅಂಕಿ ಬಾಯಿಪಾಠ ಮಾಡಬೇಡಿ, ಚಿತ್ರದ ಅಗಲಕ್ಕೆ ತೂಗಿ ನೋಡಿ.

ಎಲ್ಲ ಮುಗಿದ ಮೇಲೆ ಜಿಂಪಿನ ಸ್ವಂತ ಎಕ್ಸ್‌ಸಿಎಫ್ ಕಡತವಾಗಿ ಒಂದನ್ನು ಉಳಿಸಿಕೊಳ್ಳಿ, ಫೋಟೊಶಾಪಿನವರಿಗೆ ಪಿಎಸ್‌ಡಿ. ಲೇಯರು, ಮರೆ ಎಲ್ಲ ಅದರಲ್ಲಿ ಇರುತ್ತವೆ. ಜೆಪೆಗ್‌ನಲ್ಲಿ ಅವೆಲ್ಲ ಅಂಟಿ ಒಂದೇ ಹಾಳೆಯಾಗುತ್ತವೆ. ಲ್ಯಾಬಿಗೆ ಕಳಿಸಲು ಜೆಪೆಗ್, ಮನೆಯಲ್ಲಿ ಇಟ್ಟುಕೊಳ್ಳಲು ಎಕ್ಸ್‌ಸಿಎಫ್. ಅಜ್ಜಿಯರು ಅದರಲ್ಲಿ ಸುರಕ್ಷಿತ.

ಮಂಜಿನ ಅಂಚು ಮದುವೆಗೆ, ನಾಮಕರಣಕ್ಕೆ ಸರಿ. ಹರಿದ ಕಾಗದದಂಥ, ಕುಂಚದಲ್ಲಿ ಎಳೆದುಬಿಟ್ಟಂಥ ಒರಟು ಅಂಚು ಬೇಕೆಂದರೆ ಅದೇ ಮಾಸ್ಕಿನ ಮೇಲೆ ಇನ್ನೆರಡು ಹೆಜ್ಜೆ. ‘ನಾಯ್ಸ್’ ಮೆನುವಿನಲ್ಲಿ ‘ಸ್ಪ್ರೆಡ್’ ಅಂತ ಒಂದಿದೆ. ಪಿಕ್ಸೆಲ್‌ಗಳನ್ನು ಅಕ್ಕಿ ಎರಚಿದಂತೆ ಚೆಲ್ಲಾಡುತ್ತದೆ. ಮಂಜಾದ ಅಂಚಿಗೆ ಅದನ್ನು ಕೊಟ್ಟು, ಮೇಲೊಂದು ಚೂರು ಬ್ಲರ್ ಕೊಟ್ಟು, ‘ಥ್ರೆಶೋಲ್ಡ್’ ಕೊಟ್ಟರೆ ಬೂದಿಬಣ್ಣವೆಲ್ಲ ಕಪ್ಪು ಇಲ್ಲವೇ ಬಿಳಿ ಆಗಿ, ಇಲಿ ಕಡಿದ ಹಾಗೆ ಅಂಚು ಬರುತ್ತದೆ. ಫೋಟೊಶಾಪಿನಲ್ಲಿ ‘ಸ್ಪ್ಯಾಟರ್’ ಎಂಬ ಫಿಲ್ಟರು ಇದೇ ಜಾತಿಯದು. ಆದರೆ ಫಿಲ್ಟರಿನ ಒರಟುತನಕ್ಕೆ ನಾಲ್ಕೂ ಕಡೆ ಒಂದೇ ಹದ ಇರುತ್ತದೆ, ಕಣ್ಣು ಬೇಗ ಹಿಡಿದುಬಿಡುತ್ತದೆ. ನಾನು ಕೊನೆಗೆ ಒಣಕುಂಚದಂಥ ಬ್ರಷ್ ಆರಿಸಿ ಮಾಸ್ಕಿನ ಮೇಲೆ ಕೈಯಿಂದಲೇ ಕಪ್ಪು ಎಳೆಯುತ್ತೇನೆ: ಒಂದು ಮೂಲೆ ಹೆಚ್ಚು ತಿಂದು, ಒಂದು ಕಡೆ ಹಾಗೇ ಬಿಟ್ಟು. ಅಲುಗಾಡದ ರಟ್ಟಿನಿಂದ ಗೆರೆ ಬೀಳುತ್ತದಲ್ಲ.

ಜಿಂಪಿನ ‘ಫಿಲ್ಟರ್ಸ್’ನಡಿ ‘ಡೆಕೋರ್’ ಎಂಬ ಸಿದ್ಧ ಅಂಗಡಿಯೇ ಇದೆ. ‘ಆ್ಯಡ್ ಬಾರ್ಡರ್’, ‘ಫಝಿ ಬಾರ್ಡರ್’, ‘ರೌಂಡ್ ಕಾರ್ನರ್ಸ್’, ‘ಓಲ್ಡ್ ಫೋಟೊ’, ಫಿಲ್ಮಿನ ತುಣುಕಿನಂತೆ ಮಾಡುವ ‘ಸ್ಲೈಡ್’. ‘ಕಾಫಿ ಸ್ಟೇನ್’ ಅಂತಲೂ ಒಂದು: ಚಿತ್ರದ ಮೇಲೆ ಕಾಫಿ ಕಲೆ ಕೂರಿಸುತ್ತದೆ. ಚಹಾ ಕಲೆ ತೆಗೆಸಲು ನಮ್ಮಲ್ಲಿ ಜನ ದುಡ್ಡು ಕೊಡುತ್ತಾರೆ. ಅವಸರಕ್ಕೆ ಇವು ಬೇಕು, ಬೇಡ ಅನ್ನಲಾರೆ.

ನನಗೆ ಸಿಟ್ಟಿರುವುದು ಇವುಗಳ ಮೇಲಲ್ಲ, ಒಂದು ಕಾಲಕ್ಕೆ ಡಿ.ವಿ.ಡಿ.ಗಟ್ಟಲೆ ಬರುತ್ತಿದ್ದ ಸಿದ್ಧ ಪಿಎಸ್‌ಡಿಗಳ ಮೇಲೆ. 12×36 ಇಂಚಿನ ಆಲ್ಬಮ್ ಹಾಳೆ, ಸುತ್ತ ಬಂಗಾರದ ಬಳ್ಳಿ, ಮೂಲೆಯಲ್ಲಿ ಗುಲಾಬಿ, ಹಿಂದೊಂದು ಜಲಪಾತ. ಜೋಡಿಯ ಕಟಿಂಗ್ ಮಾಡಿ ನಡುವೆ ಕೂರಿಸಿದರೆ ಮುಗಿಯಿತು. ಊರಿನ ಅರ್ಧ ಜನ ಒಂದೇ ಜಲಪಾತದ ಮುಂದೆ ಮದುವೆಯಾದರು. ನಾನೂ ಮಾಡಿದ್ದೇನೆ, ಹೊಟ್ಟೆಪಾಡು. ಅದರಲ್ಲಿ ಕಣ್ಣಿಗೆ ಚುಚ್ಚುತ್ತಿದ್ದದ್ದು ನೆರಳು. ಫೋಟೊದಲ್ಲಿ ಬೆಳಕು ಬಲಗಡೆ ಕಿಟಕಿಯಿಂದ ಬಂದಿರುತ್ತದೆ, ಬಾರ್ಡರಿನ ಡ್ರಾಪ್ ಶ್ಯಾಡೊ ಕೂಡ ಬಲಗಡೆಗೇ ಬಿದ್ದಿರುತ್ತದೆ. ಹೇಳಿದರೆ ಯಾರೂ ಗಮನಿಸಿಲ್ಲ ಅನ್ನುತ್ತಾರೆ. ಆದರೂ ಏನೋ ಸರಿಯಿಲ್ಲ ಅನ್ನುತ್ತ ಪುಟ ತಿರುವುತ್ತಾರೆ. ಬಾರ್ಡರಿನ ಬಣ್ಣಕ್ಕೂ ಇದೇ ಮಾತು. ಬಣ್ಣದ ಪಟ್ಟಿ ತೆರೆದು ಬಂಗಾರ ಹುಡುಕುವ ಬದಲು, ಕಲರ್ ಪಿಕರ್ ಟೂಲಿನಿಂದ ಫೋಟೊದೊಳಗಿನದೇ ಒಂದು ಬಣ್ಣ ಎತ್ತಿಕೊಳ್ಳಿ. ಸೀರೆಯ ದಡಿಯದೋ, ಬಾಗಿಲ ಚೌಕಟ್ಟಿನದೋ. ಅದನ್ನು ಸ್ವಲ್ಪ ಕಪ್ಪಾಗಿಸಿ ಸುತ್ತ ಹಾಕಿದರೆ ಬಾರ್ಡರು ಹೊರಗಿನಿಂದ ಬಂದ ನೆಂಟನ ಹಾಗೆ ನಿಲ್ಲುವುದಿಲ್ಲ.

ಹಿಂದೆ ಬಾರ್ಡರುಗಳಿಗೆ ಒಂದೊಂದು ಕಾರಣ ಇರುತ್ತಿತ್ತು. ಈಗ ಫೋನಿನ ಆ್ಯಪ್‌ಗಳಲ್ಲಿ ಮೂರು ಕಡೆ ಸಣ್ಣ, ಕೆಳಗಡೆ ಅಗಲ ಬಿಳಿ ಪಟ್ಟಿ ಇರುವ ಫ್ರೇಮ್ ನೋಡಿರುತ್ತೀರಿ. ಅದು 1972ರ ಪೋಲರಾಯ್ಡ್ ಎಸ್ಎಕ್ಸ್-70 ಕ್ಯಾಮೆರಾದ ಬಳುವಳಿ. ಆ ಅಗಲ ಪಟ್ಟಿಯೊಳಗೆ ರಾಸಾಯನಿಕದ ಚೀಲ ಇತ್ತು. ಕ್ಯಾಮೆರಾದಿಂದ ಕಾಗದ ಹೊರಬರುವಾಗ ಉರುಳೆಗಳ ನಡುವೆ ಸಿಕ್ಕಿ ಅದು ಒಡೆದು ಚಿತ್ರದ ಮೇಲೆ ಹರಡುತ್ತಿತ್ತು. ಚೀಲ ಹೋಯಿತು, ಪಟ್ಟಿ ಉಳಿಯಿತು. ಹಾಗೆಯೇ ಚಿತ್ರದ ಸುತ್ತಿನ ಒರಟು ಕಪ್ಪು ಗೆರೆ. ನೆಗೆಟಿವ್ ಹಿಡಿಯುವ ಕ್ಯಾರಿಯರಿನ ಕಿಂಡಿ 24×36 ಮಿಲಿಮೀಟರಿಗಿಂತ ಚೂರು ಚಿಕ್ಕದಿರುತ್ತದೆ. ಕೆಲವರು ಅದನ್ನು ಅರದಿಂದ ಉಜ್ಜಿ ದೊಡ್ಡದು ಮಾಡಿಕೊಂಡರು. ಆಗ ಚೌಕಟ್ಟಿನ ಹೊರಗಿನ ಖಾಲಿ ಫಿಲ್ಮಿನಿಂದಲೂ ಬೆಳಕು ಹಾದು ಕಾಗದ ಸುತ್ತಲೂ ಕಪ್ಪಾಗುತ್ತಿತ್ತು. ಚಿತ್ರದ ಒಂದು ಕೂದಲೂ ಕತ್ತರಿಸಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಫೋಟೊಗ್ರಾಫರ್ ಹೆನ್ರಿ ಕಾರ್ಟಿಯೆ-ಬ್ರೆಸಾನನ ಪ್ರಿಂಟುಗಳ ಕಪ್ಪು ಗೆರೆ ಅಂಥದು. ನಮ್ಮ ಮಾವ ಆ ಗೆರೆ ಕಂಡರೆ “ಹೊಲಸು” ಅಂತ ಕತ್ತರಿಸುತ್ತಿದ್ದ. 2010ರಲ್ಲಿ ಬಂದ ಇನ್‌ಸ್ಟಾಗ್ರಾಂ ಮೊದಮೊದಲು ಫಿಲ್ಟರುಗಳ ಜೊತೆ ಇಂಥ ಅಂಚುಗಳನ್ನು ಹಂಚಿತು. ಕತ್ತರಿಸಿ ಎಸೆದದ್ದನ್ನು ಮಕ್ಕಳು ಒತ್ತಿ ಒತ್ತಿ ಹಾಕಿಕೊಂಡರು.

ಕಾರಣವಿರುವ ಬಾರ್ಡರ್ ಮಾಡುವ ಅವಕಾಶ ನನಗೂ ಒಮ್ಮೆ ಬಂತು.

ಬೆಟಗೇರಿಯ ಕಡೆಯಿಂದ ಒಬ್ಬ ಮುದುಕಿ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಟವೆಲು, ಟವೆಲಿನೊಳಗೆ ಫೋಟೊ. ಮೂರೂವರೆ ಇಂಚು ಅಗಲ, ಐದು ಇಂಚು ಎತ್ತರ. ಧೋತರ, ಕೋಟು, ಟೋಪಿ ಹಾಕಿ ಕುರ್ಚಿಯ ಪಕ್ಕ ನಿಂತ ಯಜಮಾನರು. ಸುತ್ತಲೂ ಗೆದ್ದಲು ತಿಂದು ಅಂಚೇ ಇರಲಿಲ್ಲ, ಕೆಳಗಿನ ಎಡಮೂಲೆಯಲ್ಲಿ ಗೆದ್ದಲು ಬೂಟಿನವರೆಗೂ ಬಂದಿತ್ತು. ವರ್ಷದ ಪುಣ್ಯಸ್ಮರಣೆಗೆ ಬೇಕು.

“ಸುತ್ತ ಒಂದು ದಡಿ ಹಾಕು ತಮ್ಮಾ. ತಿಂದದ್ದು ಕಾಣಬಾರ್ದು.”

“ಎಂಥ ದಡಿ ಹಾಕ್ಲಿ ಅವ್ವಾರ?”

ಅವರು ಸೆರಗಿನ ತುದಿ ಹಿಡಿದು ತೋರಿಸಿದರು. ಇಳಕಲ್ ಸೀರೆ, ಅದರ ಮೇಲೆ ಕೈಯಿಂದ ಹಾಕಿದ ಕಸೂತಿ, ಸಾಲಾಗಿ ಗೋಪುರಗಳು. ಅವರೇ ಹಾಕಿದ್ದಂತೆ, ಕಣ್ಣು ಚೆನ್ನಾಗಿದ್ದ ಕಾಲಕ್ಕೆ.

ಫೋಟೊವನ್ನು ಇಂಚಿಗೆ 600ರಂತೆ ಸ್ಕ್ಯಾನ್ ಮಾಡಿದೆ. 2100×3000 ಪಿಕ್ಸೆಲ್ ಬಂತು. ತಿಂದ ಅಂಚನ್ನು ರಿಪೇರಿ ಮಾಡಲು ಹೋಗಲಿಲ್ಲ. ಇಲ್ಲದ ಗೋಡೆ, ಇಲ್ಲದ ನೆಲವನ್ನು ಕ್ಲೋನ್ ಮಾಡಿ ಕಟ್ಟುವುದು ಸುಳ್ಳು ಸಾಕ್ಷಿ ಹೇಳಿದ ಹಾಗೆ ಅನಿಸುತ್ತದೆ ನನಗೆ. ಬೂಟಿನ ಬಳಿ ಮಾತ್ರ ಚೂರು ತಿದ್ದಿದೆ. ಉಳಿದ ಕಡೆ ಗೆದ್ದಲು ತೋರಿಸಿದ ದಾರಿಯಲ್ಲೇ ಹೋದೆ: ಮಾಸ್ಕ್ ಹಾಕಿ, ಒರಟು ಕುಂಚದಿಂದ, ಅದು ತಿಂದ ಆಕಾರಕ್ಕಿಂತ ಚೂರು ಒಳಗೆ ಕಪ್ಪು ಎಳೆದೆ. ಹಾಳಾದ ಅಂಚು ಬೇಕೆಂದೇ ಮಾಡಿದ ಅಂಚಾಯಿತು. ಕೆಳಗಿನ ಕಾಗದಕ್ಕೆ ಅಪ್ಪಟ ಬಿಳಿಯ ಬದಲು ಹಳೇ ಫೋಟೊದ ಹಿಂಬದಿಯ ಕೆನೆಬಣ್ಣ ಎತ್ತಿ ತುಂಬಿದೆ.

ಇನ್ನು ದಡಿ. ಮೊದಲು ಸೆರಗನ್ನೇ ಸ್ಕ್ಯಾನರಿನ ಗಾಜಿನ ಮೇಲೆ ಹಾಸಿ ಸ್ಕ್ಯಾನ್ ಮಾಡಿದೆ. ಬಣ್ಣ ಬಂತು, ನೂಲಿನ ಮಿರುಗು ಬಂತು, ಆದರೆ ಬಟ್ಟೆ ಎಳೆದ ಕಡೆ ಸೊಟ್ಟ. ಸುತ್ತಲೂ ಜೋಡಿಸಿದರೆ ಸಂದು ಕಾಣುತ್ತಿತ್ತು. ಹಾಗಾಗಿ ಎಣಿಸಲು ಕೂತೆ. ಕಸೂತಿಯೂ ಎಣಿಕೆಯ ಕೆಲಸವೇ. ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕುತ್ತಾರೆ, ಕೆಳಗೆ ನಕ್ಷೆ ಬರೆದುಕೊಳ್ಳುವುದಿಲ್ಲ. ಗಂವಂತಿ, ಮುರಗಿ, ನೇಗಿ, ಮೆಂತ್ಯ ಅಂತ ನಾಲ್ಕು ಹೊಲಿಗೆ. ಇದರಲ್ಲಿ ಮೆಂತ್ಯದ ಹೊಲಿಗೆ ಗುಣಾಕಾರ ಚಿಹ್ನೆಯಂತೆ ಒಂದು ಮನೆ ತುಂಬುತ್ತದೆ, ಕಂಪ್ಯೂಟರಿನ ಪಿಕ್ಸೆಲ್ಲಿಗೆ ಹಾಗೇ ಇಳಿಯುತ್ತದೆ. ಗಂವಂತಿ ಮನೆ ತುಂಬುವುದಿಲ್ಲ, ಮನೆಗಳ ನಡುವಿನ ಗೆರೆಯ ಮೇಲೆ ನಡೆಯುತ್ತದೆ. ಹೋಗುವಾಗ ಒಂದು ಬಿಟ್ಟು ಒಂದು, ಬರುವಾಗ ಬಿಟ್ಟದ್ದನ್ನು ತುಂಬುತ್ತ. ಅದಕ್ಕೇ ಬಟ್ಟೆಯ ಮುಂಬದಿ ಹಿಂಬದಿ ಎರಡೂ ಒಂದೇ ಥರ ಕಾಣುತ್ತವೆ. ಅಡ್ಡ, ಉದ್ದದ ಗಂವಂತಿ ಪಿಕ್ಸೆಲ್ಲಿಗೆ ಬರುತ್ತದೆ. ಓರೆ ನಡೆದರೆ ಮೆಟ್ಟಿಲಾಗುತ್ತದೆ. ಅವರ ಗೋಪುರದ ಓರೆಗಳನ್ನು ನಾನು ಮೆಟ್ಟಿಲು ಮಾಡಿದೆ. ಗೋಪುರವೇ ಆದ್ದರಿಂದ ಒಪ್ಪಿತು.

25 ಮನೆ ಅಗಲ, 25 ಮನೆ ಎತ್ತರದ ಪುಟ್ಟ ಹಾಳೆಯಲ್ಲಿ ಒಂದು ಗೋಪುರ ಬಿಡಿಸಿದೆ. ಬೆಸ ಸಂಖ್ಯೆ ಬೇಕು, ನಡುವಿನ ಮನೆಯಲ್ಲಿ ಕಳಸ ನಿಲ್ಲಬೇಕಲ್ಲ. ಅದನ್ನು ಆರು ಪಟ್ಟು ಹಿಗ್ಗಿಸಿದರೆ 150 ಪಿಕ್ಸೆಲ್, ಅಂದರೆ ಇಂಚಿಗೆ 300ರ ಪ್ರಿಂಟಿನಲ್ಲಿ ಅರ್ಧ ಇಂಚು. ಹಿಗ್ಗಿಸುವಾಗ ‘ಇಂಟರ್‌ಪೊಲೇಶನ್’ ಅನ್ನುವಲ್ಲಿ ‘ನನ್’ ಆರಿಸಬೇಕು, ಇಲ್ಲದಿದ್ದರೆ ಪ್ರೋಗ್ರಾಮು ನಯ ಮಾಡಲು ಹೋಗಿ ಹೊಲಿಗೆಯನ್ನು ಕಲಸಿಬಿಡುತ್ತದೆ. ಫೋಟೊವನ್ನು 4×6ಕ್ಕೆ ಹೊಂದಿಸಿ 5×7ರ ಕಾಗದದ ನಡುವೆ ಇಟ್ಟರೆ ಸುತ್ತ ಸರಿಯಾಗಿ ಅರ್ಧ ಇಂಚು ಉಳಿಯುತ್ತದೆ. 5×7 ಅಂದರೆ 1500×2100 ಪಿಕ್ಸೆಲ್: 1500ಕ್ಕೆ 150ರಂತೆ 10, 2100ಕ್ಕೆ 14. ಅಡ್ಡ ಎರಡು ಸಾಲು, ಉದ್ದ ಎರಡು ಸಾಲು, ಮೂಲೆಗಳನ್ನು ಎರಡು ಸಲ ಎಣಿಸದಿದ್ದರೆ ಒಟ್ಟು 44 ಗೋಪುರ, ಒಂದೂ ಅರ್ಧಕ್ಕೆ ತುಂಡಾಗುವುದಿಲ್ಲ. ಗದಗ ಮಗ್ಗಕ್ಕೆ ಹೆಸರಾದಷ್ಟೇ ಅಚ್ಚುಕೂಟಕ್ಕೂ ಹೆಸರಾದ ಊರು. ಲಗ್ನಪತ್ರಿಕೆ ಹೊಡೆಯುವವರು ಸೀಸದ ಬಾರ್ಡರ್ ಮೊಳೆಗಳನ್ನು ಹೀಗೇ ಎಣಿಸಿ ಕಟ್ಟುತ್ತಿದ್ದರು, ಮೂಲೆಗೆ ಬೇರೆ ಮೊಳೆ. ಕಂಪ್ಯೂಟರಿನಲ್ಲಿ ಆ ಒಂದು ತುಂಡನ್ನು ಕಾಪಿ ಮಾಡಿದರೆ ಜಿಂಪ್ ಅದನ್ನೇ ‘ಪ್ಯಾಟರ್ನ್’ ಆಗಿ ಇಟ್ಟುಕೊಳ್ಳುತ್ತದೆ. ಅಂಚಿನ ಪಟ್ಟಿ ಸೆಲೆಕ್ಟ್ ಮಾಡಿ ಸುರಿಯುವುದಷ್ಟೆ. ಫೋಟೊಶಾಪಿನಲ್ಲಿ ‘ಡಿಫೈನ್ ಪ್ಯಾಟರ್ನ್’.

ನಾನು ಸುರಿಯಲಿಲ್ಲ. ಜಾಣತನ ಮಾಡಿದೆ. ನಾಲ್ಕೂ ಕಡೆಯ ಗೋಪುರಗಳ ತುದಿ ಒಳಮುಖವಾಗಿ ಫೋಟೊದ ಕಡೆ ಇರಲಿ ಅಂತ ಒಂದೊಂದು ಸಾಲನ್ನೂ ತಿರುವಿ ಕೂರಿಸಿದೆ. ಪರದೆಯ ಮೇಲೆ ಭಾರಿ ಚೆಂದ ಕಂಡಿತು. ಲ್ಯಾಬಿನವರು ಪ್ರಿಂಟ್ ಕತ್ತರಿಸುವಾಗ ಒಂದೆರಡು ಮಿಲಿಮೀಟರ್ ಆಚೀಚೆ ತಿನ್ನುತ್ತಾರೆ, ಅಂಚಿಗೇ ಹತ್ತಿದ ಬಾರ್ಡರ್ ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಆಗಿಬಿಡುತ್ತದೆ. ಅದಕ್ಕೆ 6×8ರ ಕಾಗದದಲ್ಲಿ ಸುತ್ತ ಖಾಲಿ ಬಿಟ್ಟು ಪ್ರಿಂಟ್ ತೆಗೆಸಿ, ನಾನೇ ಸ್ಕೇಲು ಹಿಡಿದು ಕತ್ತರಿಸಿದೆ.

ಅವ್ವಾರು ಬಂದರು, ಕನ್ನಡಕ ಏರಿಸಿದರು. ಮೊದಲು ಯಜಮಾನರನ್ನು ನೋಡಿದರು, ಬಹಳ ಹೊತ್ತು. ಆಮೇಲೆ ದಡಿಗೆ ಬಂದರು.

“ಅಯ್ಯ, ಇಲ್ಲಿ ಗೋಪುರ ಮಲಗಿಸೀಯಲ್ಲೋ.” ಬೆರಳು ಕೆಳಗಿಳಿಯಿತು. “ಇಲ್ಲಂತೂ ತಲಿಕೆಳಗ ನಿಲ್ಲಿಸೀದಿ! ಯಾವ ಊರಾಗ ನೋಡಿದ್ದೀಪಾ ಇದನ್ನ?”

“ಸುತ್ತ ಒಂದ ಥರಾ ಕಾಣ್ಲಿ ಅಂತ, ಅವ್ವಾರ.”

“ಗುಡಿ ನೆಟ್ಟಗ ನಿಂದರ್ಬೇಕು. ಉಳಿದದ್ದು ಹ್ಯಾಂಗರ ಇರ್ಲಿ.”

ಅವರನ್ನು ಕೂರಿಸಿ, ಚಹಾ ತರಿಸಿ, ಎಕ್ಸ್‌ಸಿಎಫ್ ಕಡತ ತೆರೆದೆ. ದಡಿ ಬೇರೆ ಲೇಯರಿನಲ್ಲಿತ್ತು, ಫೋಟೊ ಮುಟ್ಟುವ ಪ್ರಶ್ನೆಯೇ ಬರಲಿಲ್ಲ. ಆ ಲೇಯರ್ ತೆಗೆದುಹಾಕಿ, ಪಟ್ಟಿ ಸೆಲೆಕ್ಟ್ ಮಾಡಿ, ಪ್ಯಾಟರ್ನ್ ಸುರಿದೆ. 44 ಗೋಪುರಗಳೂ ನೆಟ್ಟಗೆ ನಿಂತವು. ನನ್ನ ಜಾಣತನಕ್ಕಿಂತ ಚೆನ್ನಾಗಿಯೇ ಇತ್ತು. ಬದಿಯಲ್ಲಿ ಒಂದರ ಮೇಲೊಂದು ಏರಿದ ಗೋಪುರಗಳು ಬಾಗಿಲುವಾಡದ ಹಾಗೆ ಕಂಡವು. ನಾಲ್ಕು ಮೂಲೆಗೆ ತುಳಸಿಕಟ್ಟೆ ಹಾಕು ಅಂದರು, ಅಚ್ಚುಕೂಟದವರ ಮೂಲೆ ಮೊಳೆಯ ಹಾಗೆ. ಮನೆ ಎಣಿಸಿ ಅವರೇ ಹೇಳಿದರು, ನಾನು ಹಾಕಿದೆ.

ಮರುದಿನ ಪ್ರಿಂಟು ಕೈಗಿತ್ತೆ. ಬೆರಳಿಟ್ಟು ಒಂದು ಸುತ್ತು ಎಣಿಸಿದರು. ತಲೆಯಾಡಿಸಿದರು. ಆಮೇಲೆ, ಕಸೂತಿ ಹಾಕುವವರು ಮಾಡುವ ಹಾಗೆ, ಕೆಲಸ ಶುದ್ಧ ಇದೆಯೋ ಇಲ್ಲವೋ ನೋಡಲು ಪ್ರಿಂಟನ್ನು ತಿರುವಿ ಹಿಂಬದಿ ನೋಡಿದರು.

“ಹಿಂದ ಏನೂ ಇಲ್ಲಲ್ಲೋ ತಮ್ಮಾ.”

ಪೆನ್ಸಿಲ್ ಹುಡುಕಿದೆ. ಈಗಿನ ಕಾಗದಕ್ಕೆ ಪೆನ್ಸಿಲ್ ಹಿಡಿಯುವುದಿಲ್ಲ, ಬಾಲ್‌ಪೆನ್ ತೆಗೆದುಕೊಂಡು ಬಲ ಮೂಲೆಯಲ್ಲಿ ಕಡತದ ನಂಬರ್ ಬರೆದೆ.